ರಾಜನ ಮಾವನಿಗೆ ಹೇಳಿಬಂದದ್ದು

ಬೆಳಿಗ್ಗೆ ಏಳೂಮುಕ್ಕಾಲಿಗೆ ಆರ್.ಟಿ. ನಗರದ ಪಾರ್ಕಿನ ಗೇಟು ದಾಟಿ ರಸ್ತೆಗೆ ಬಿದ್ದ ಮೇಲೆ, ಇವತ್ತೂ ತಾನು ಯಾರಿಗೂ ಏನೂ ಹೇಳದೆ ಎದ್ದುಬಂದೆ ಎಂಬುದು ವೇಣುಗೋಪಾಲನಿಗೆ ಹೊಳೆಯಿತು. ಸಿಮೆಂಟು ಬೆಂಚಿನ ಮೇಲೆ ನಾಲ್ಕು ಜನ, ಮೆಟ್ರೋ ಹೆಬ್ಬಾಳಕ್ಕೆ ಯಾವಾಗ ಬರುತ್ತದೆಂದು ಜಗಳವಾಡುತ್ತಿದ್ದರು. ಅವನೂ ಎರಡು ಮಾತು ಸೇರಿಸಿದ್ದ. ಮೂರನೆಯದಕ್ಕೆ ಬಾಯಿ ತೆರೆದವನು ಹಾಗೇ ಎದ್ದು, ಚಪ್ಪಲಿ ಮೆಟ್ಟಿ, ತಲೆ ತಗ್ಗಿಸಿ ನಡೆದುಬಿಟ್ಟ. ಬೆನ್ನ ಹಿಂದೆ ಯಾರೋ 'ಏನಾಯ್ತ್ರೀ ಇವ್ರಿಗೆ' ಅಂದದ್ದು ಕೇಳಿಸಿತು. ಏನಾಯಿತೆಂದು ಹೇಳುವ ಹಾಗಿದ್ದರೆ ಅವನೇ ಹೇಳಿ ಹಗುರಾಗುತ್ತಿದ್ದ. ಯಾವ ಮನೆಯಿಂದ, ಯಾವ ಅಂಗಡಿಯಿಂದ, ಯಾರ ಎದುರಿನಿಂದ ಎದ್ದರೂ ನಮ್ಮವರು ಯೋಚನೆಯೇ ಇಲ್ಲದೆ ಅನ್ನುವ 'ಬರ್ತೀನಿ' ಎಂಬ ಮಾತು ಹನ್ನೊಂದು ದಿನದಿಂದ ಅವನ ಬಾಯಲ್ಲಿ ಹೊರಡುತ್ತಿಲ್ಲ. ಗಂಟಲ ತನಕ ಬಂದು ನಿಲ್ಲುತ್ತದೆ. ನಿಂತ ಕೂಡಲೇ ಎಡಪಕ್ಕೆಯ ಕೆಳಗೆ ಏನೋ ಸಣ್ಣಗೆ ಎಳೆದಂತಾಗುತ್ತದೆ. ಗ್ಯಾಸು, ಅಂದುಕೊಂಡ. ಹನ್ನೊಂದು ದಿನದಿಂದಲೂ ಹಾಗೇ ಅಂದುಕೊಳ್ಳುತ್ತಿದ್ದ. ಜೀರಿಗೆ ಕಷಾಯ ಕುಡಿದರೆ ಹೋಗದ, ಕೈರೋದ ಹೆಸರು ಕೇಳಿದರೆ ಬರುವ ಗ್ಯಾಸು ಎಂಥದು ಎಂದು ಮಾತ್ರ ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಕೇಳಿಕೊಂಡರೆ ಮರ್ಯಾದೆ ಉಳಿಯುತ್ತಿರಲಿಲ್ಲ. ಮೂವತ್ತು ವರ್ಷದಿಂದ ಅವನು ಆ ಬಡಾವಣೆಯ ವಿಚಾರವಾದಿ. ಏಳು ಜನರ ಒಂದು ವೇದಿಕೆ, ಅದಕ್ಕೆ ಅವನೇ ಅಧ್ಯಕ್ಷ, ಗ್ರಹಣ ಬಂದಾಗಲೆಲ್ಲ ಪಾರ್ಕಿನ ನಟ್ಟನಡುವೆ ನಿಂತು ಇಡ್ಲಿ ತಿನ್ನುವುದು ಅದರ ಮುಖ್ಯ ಕಾರ್ಯಕ್ರಮ. ಆ ಇಡ್ಲಿ ಮಾಡಿ ಡಬ್ಬಿಗೆ ತುಂಬಿಕೊಡುತ್ತಿದ್ದವಳು ಹೆಂಡತಿ ಕೃಷ್ಣವೇಣಿ. ಮಾಡಿಕೊಟ್ಟು, ಮುಚ್ಚಳ ಹಾಕುವ ಮೊದಲು ಗ್ರಹಣ ದೋಷ ತಾಕದಿರಲೆಂದು ಇಡ್ಲಿಯ ಮೇಲೆ ಒಂದು ಎಸಳು ದರ್ಭೆ ಇಟ್ಟಿರುತ್ತಿದ್ದಳು. ಅವನು ಅದನ್ನು ಯಾರಿಗೂ ಕಾಣದ ಹಾಗೆ ತೆಗೆದು ಜೇಬಿಗೆ ಹಾಕಿಕೊಂಡು ಆಮೇಲೆ ತಿನ್ನುತ್ತಿದ್ದ. ದಂಪತಿಗಳ ನಡುವೆ ಈ ಬಗ್ಗೆ ಒಂದು ದಿನವೂ ಮಾತಾಗಿಲ್ಲ. ಬಡಾವಣೆಯ ನಿವಾಸಿಗಳ ಸಂಘದಲ್ಲಿ ಯಾರು ತೀರಿಕೊಂಡರೂ ಮೈಲಿಗೆಗೆ ಹೆದರಿ ಉಳಿದವರು ಗೇಟಿನಲ್ಲೇ ನಿಂತರೆ, ನಡುಮನೆಗೆ ಹೋಗಿ, ಗಾಜಿನ ಫ್ರೀಜರ್ ಪೆಟ್ಟಿಗೆ ತರಿಸಿ, ಪ್ಲಗ್ಗು ಎಲ್ಲಿದೆ ಎಂದು ಹುಡುಕುವವನು ಅವನು. ಅಂಥವನು ಹೋಗಿ ಹೋಗಿ ಎಂಥ ಕಡೆ ಬಾಯಿ ಬಿಟ್ಟ!

ಅದು ಕೈರೋದ ಮ್ಯೂಸಿಯಮ್ಮು, ಗುಲಾಬಿ ಬಣ್ಣದ ಹಳೆಯ ಕಟ್ಟಡ. ಮದುವೆಯಾಗಿ ಮೂವತ್ತೆಂಟು ವರ್ಷವಾಯಿತೆಂದು ಹೋದ ಟೂರು, ಅದರ ನಾಲ್ಕನೆಯ ದಿನ. ಒಳಗೆ ಹೋದ ಕೂಡಲೇ ವೇಣುಗೋಪಾಲನಿಗೆ ಸಂತೋಷವಾಯಿತು, ಯಾಕೆಂದರೆ ಎಲ್ಲ ಅವನು ಮೂವತ್ತಮೂರು ವರ್ಷ ಕೂತೆದ್ದ ಸರ್ವೆ ಆಫೀಸಿನ ಹಾಗೇ ಇತ್ತು: ಅದೇ ಮರದ ಬೀರುಗಳು, ಅದೇ ಹಳದಿಗೆ ತಿರುಗಿದ ಟೈಪು ಮಾಡಿದ ಚೀಟಿಗಳು, ಎತ್ತರದ ಗಾಜಿನಿಂದ ಇಳಿಯುವ ಬಿಸಿಲಿನಲ್ಲಿ ಅದೇ ಧೂಳು. ಮನುಷ್ಯನಿಗಿಂತ ಮೂರು ಪಟ್ಟು ಎತ್ತರದ ಗಂಡಹೆಂಡಿರು ಕಲ್ಲಿನ ಕುರ್ಚಿಯಲ್ಲಿ ಕೂತಿದ್ದರು. ಕೃಷ್ಣವೇಣಿ ಅವರನ್ನು ನೋಡಿ, 'ಇಬ್ರೂ ಫೋಟೋಗೆ ಕೂತಂಗೆ ಕೂತವ್ರೆ' ಅಂದಳು. ಗೈಡು, ದೊಡ್ಡ ದೊಡ್ಡ ರಾಜರ ಮಮ್ಮಿಗಳನ್ನೆಲ್ಲ ಮೆರವಣಿಗೆ ಮಾಡಿ ಬೇರೆ ಮ್ಯೂಸಿಯಮ್ಮಿಗೆ ಸಾಗಿಸಿಯಾಯಿತು, ಮೇಲಿನ ಅಂತಸ್ತಿನಲ್ಲಿ ಒಬ್ಬ ರಾಜನ ಮಾವ ಮತ್ತು ಅತ್ತೆ ಇದ್ದಾರೆ, ಯುಯಾ, ತುಯಾ ಎಂದು, ನೋಡುತ್ತೀರಾ ಅಂದ. ಬಂದ ತಪ್ಪಿಗೆ ನೋಡೋಣವೆಂದು ಮೆಟ್ಟಿಲು ಹತ್ತಿದರು. ಮೆಟ್ಟಿಲಲ್ಲಿ ವೇಣುಗೋಪಾಲ ತನ್ನ ಗುಂಪಿಗೆ ಸಾವು ಎಂದರೆ ಏನು, ದೇಹ ಎಂದರೆ ಬರೀ ಕ್ಯಾಲ್ಸಿಯಂ, ಕಾರ್ಬನ್ನು, ನೀರು ಎಂದು ವಿವರಿಸುತ್ತ ಹತ್ತಿದ. ಯಲಹಂಕದಿಂದ ಬಂದಿದ್ದ ಒಬ್ಬರು ಹಾಂ ಹೂಂ ಅನ್ನುತ್ತಲೇ ಜೇಬಿನಿಂದ ವಿಭೂತಿ ತೆಗೆದು ಹಚ್ಚಿಕೊಂಡರು.

ಆಮೇಲೆ ಆ ಪೆಟ್ಟಿಗೆ. ಗಾಜಿನದು. ಸುತ್ತ ಜನ ಸದ್ದಿಲ್ಲದೆ ನಿಂತಿದ್ದಾರೆ, ಒಬ್ಬೊಬ್ಬರಾಗಿ ಮುಖ ನೋಡಿ ಮುಂದೆ ಸರಿಯುತ್ತಿದ್ದಾರೆ, ಹಿಂದಿನಿಂದ ಯಾರೋ ಮೆಲ್ಲಗೆ ತಳ್ಳುತ್ತಿದ್ದಾರೆ. ವೇಣುಗೋಪಾಲನ ಕಣ್ಣು ತಾನಾಗಿಯೇ ಪ್ಲಗ್ಗು ಎಲ್ಲಿದೆ ಎಂದು ಹುಡುಕಿತು. ಒಳಗೆ ಮಲಗಿದ್ದವನಿಗೆ ಹಳದಿಗೂದಲು, ಉದ್ದ ಮೂಗು, ಈಗ ತಾನೇ ಊಟ ಮುಗಿಸಿ ಅಡ್ಡಾದವನ ನೆಮ್ಮದಿ. ಮೂರು ಸಾವಿರದ ಚಿಲ್ಲರೆ ವರ್ಷದಿಂದ ಮಲಗಿದ್ದಾನೆ, ಇನ್ನೂ ರೆಪ್ಪೆ ಉದುರಿಲ್ಲ. ರಾಜನ ಕುದುರೆ ಲಾಯದ ಮೇಲಧಿಕಾರಿಯಾಗಿದ್ದನೆಂದು ಗೈಡು ಹೇಳಿದ. ಮೇಲಧಿಕಾರಿ ಅಂದದ್ದೇ ಎಡವಟ್ಟಾಯಿತು. ವೇಣುಗೋಪಾಲನ ಬೆನ್ನು ಸ್ವಲ್ಪ ಬಾಗಿತು. ಸಂಜೆ ಐದೂವರೆಗೆ ಸೂಪರಿಂಟೆಂಡೆಂಟರ ಕೋಣೆಯ ಅರ್ಧ ಬಾಗಿಲು ತಳ್ಳಿ, ಬ್ಯಾಗನ್ನು ಬೆನ್ನ ಹಿಂದೆ ಮರೆಮಾಡಿಕೊಂಡು, ಅವರು ತಲೆ ಎತ್ತುವ ತನಕ ಕಾಯುತ್ತ ನಿಲ್ಲುತ್ತಿದ್ದ ಹಾಗೇ ಒಂದು ಕ್ಷಣ ಕಾದ. ಅವರು ಒಂದು ದಿನವೂ ತಲೆ ಎತ್ತುತ್ತಿರಲಿಲ್ಲ, ಪೆಟ್ಟಿಗೆಯಲ್ಲಿದ್ದವನೂ ಎತ್ತಲಿಲ್ಲ. ಹಿಂದಿನವರು ತಳ್ಳಿದರು. ಆಗ ಅವನ ಬಾಯಿಂದ, ಸ್ಪಷ್ಟವಾಗಿ, ವಿನಯದಿಂದ, 'ಬರ್ತೀನಿ ಸಾರ್' ಎಂದು ಹೊರಟುಬಿಟ್ಟಿತು.

ಹೆಣದ ಮುಂದಿನಿಂದ ಎದ್ದು ಬರುವಾಗ ಬರ್ತೀನಿ ಅನ್ನಬಾರದು, ಯಾರಿಗೂ ಏನೂ ಹೇಳದೆ, ಹಿಂತಿರುಗಿ ನೋಡದೆ ಬರಬೇಕು. ಇದು ಮಗುವಿಗೂ ಗೊತ್ತು. ಹೇಳಿದರೆ ಹೇಳಿದವನು ಅಲ್ಲಿಗೇ ಬರಬೇಕಾಗುತ್ತದೆಂದು ನಂಬಿಕೆ. ಇದೆಲ್ಲ ಬೊಗಳೆ ಎಂದು ಸಾಧಿಸಲು ವೇಣುಗೋಪಾಲ ಒಮ್ಮೆ ಬೇಕೆಂದೇ ಹೇಳಿದ್ದ. ಯಲಹಂಕದಲ್ಲಿ ಕೃಷ್ಣವೇಣಿಯ ಅಪ್ಪ ತೀರಿಕೊಂಡಾಗ, ನೆಂಟರೆಲ್ಲ ಬೆಕ್ಕಿನ ಹಾಗೆ ಒಬ್ಬೊಬ್ಬರೇ ಜಾರಿಕೊಳ್ಳುತ್ತಿದ್ದರೆ, ಇವನು ಅಂಗಳದಲ್ಲಿ ನಿಂತು ದೊಡ್ಡ ಗಂಟಲಲ್ಲಿ 'ಎಲ್ಲಾರ್ಗೂ ಹೋಗ್ಬರ್ತೀನಿ' ಅಂದಿದ್ದ. ಎರಡು ಸಲ. ಒಬ್ಬ ಅಜ್ಜಿ ಕಿವಿ ಮುಚ್ಚಿಕೊಂಡಿತ್ತು. ಕೃಷ್ಣವೇಣಿ ಎಂಟು ದಿನ ಅವನೊಂದಿಗೆ ಮಾತಾಡಿರಲಿಲ್ಲ. ಅವನಿಗೆ ಏನೂ ಆಗಿರಲಿಲ್ಲ, ಒಂದು ನೆಗಡಿಯೂ ಬಂದಿರಲಿಲ್ಲ, ಅದನ್ನು ವೇದಿಕೆಯ ಸಭೆಯಲ್ಲಿ ಉದಾಹರಣೆ ಕೊಟ್ಟು ಹೇಳುತ್ತಿದ್ದ. ಆದರೆ ಅದು ಅವನು ಹೇಳಿದ್ದು. ಇದು ತಾನಾಗಿ ಬಂದದ್ದು. ಎರಡಕ್ಕೂ ವ್ಯತ್ಯಾಸವಿದೆ ಎಂದು ಕೈರೋದಲ್ಲಿ ಮೆಟ್ಟಿಲಿಳಿಯುವಾಗಲೇ ಎಡಪಕ್ಕೆ ಹೇಳಿತು. ಆ ಪೆಟ್ಟಿಗೆಯವನಿಗೆ ಕನ್ನಡ ಬರುವುದಿಲ್ಲ, ಎಂದು ವಾಪಸು ಬರುವ ವಿಮಾನದಲ್ಲಿ ವಾದ ಮಾಡಿಕೊಂಡ. ಸ್ವಲ್ಪ ಹೊತ್ತು ಸಮಾಧಾನವಾಯಿತು. ಹೇಳಿದವನಿಗೆ ಬರುತ್ತದಲ್ಲ, ಎಂದು ಇನ್ನೊಂದು ವಾದ ಅರಬ್ಬೀ ಸಮುದ್ರದ ಮೇಲೆ ಬಂತು. ಆ ಜನವೋ, ಬದುಕಿದ್ದಾಗಲೆಲ್ಲ ಸತ್ತ ಮೇಲಿನದನ್ನೇ ಯೋಚಿಸಿದವರು; ಇಷ್ಟು ವರ್ಷ ಮಲಗಿ ಕಾದಿದ್ದಕ್ಕೆ ಮೊದಲ ಸಲ ಒಬ್ಬ ಬರ್ತೀನಿ ಅಂದಿದ್ದಾನೆ, ಬಿಡುತ್ತಾರೆಯೇ? ಆಮೇಲೆ ಅವನು ಊಟದ ತಟ್ಟೆಯನ್ನು ಮುಟ್ಟಲಿಲ್ಲ. ಪಕ್ಕದಲ್ಲಿ ಕೃಷ್ಣವೇಣಿ ಎರಡೂ ತಟ್ಟೆಯ ಕೇಕು ತಿಂದು ನಿದ್ದೆ ಹೋಗಿದ್ದಳು.

ಇದಕ್ಕೆ ಏನಾದರೂ ಪರಿಹಾರವಿರಲೇಬೇಕು, ಮತ್ತು ಅದು ಕೃಷ್ಣವೇಣಿಗೆ ಗೊತ್ತಿರಲೇಬೇಕು. ಹಲ್ಲಿ ಬಿದ್ದರೆ, ಕಾಗೆ ಮುಟ್ಟಿದರೆ, ಕನಸಿನಲ್ಲಿ ಎಮ್ಮೆ ಬಂದರೆ ಏನು ಮಾಡಬೇಕೆಂದು ಬೀದಿಯವರೆಲ್ಲ ಅವಳನ್ನೇ ಕೇಳುತ್ತಾರೆ. ಮೂವತ್ತೆಂಟು ವರ್ಷ ಅವನು ಆ ಮಾತುಕತೆಗಳನ್ನು ಪಕ್ಕದ ಕೋಣೆಯಿಂದ ಕೇಳಿಸಿಕೊಂಡು, ಕೇಳಿಸುವ ಹಾಗೆ ನಕ್ಕಿದ್ದಾನೆ. ಈಗ ಅಡುಗೆಮನೆಯ ಬಾಗಿಲಲ್ಲಿ ನಿಂತು 'ನೋಡೇ, ನನಗೊಂದು ಹೆದರಿಕೆ' ಅನ್ನುವುದಕ್ಕಿಂತ ಆ ಗಾಜಿನ ಪೆಟ್ಟಿಗೆಯಲ್ಲಿ ಜಾಗ ಮಾಡಿಕೊಂಡು ಮಲಗುವುದೇ ಸುಲಭ.

'ಯೇಣ್‌ಗೋಪಾಲಪ್ನೋರೇ, ನಿಂತ್ಕಳ್ರೀ ವಸಿ.'

ಸ್ಕೂಟರು ಅಡ್ಡ ನಿಂತಿತು. ಬ್ಯಾಟರಾಯಪ್ಪ. ಕೆಂಪಾಪುರದ ಹಳೆಯ ಮನೆತನದವನು, ಈಗ ತಣಿಸಂದ್ರದಲ್ಲಿ ಮೂರಂತಸ್ತಿನ ಮನೆ ಕಟ್ಟಿಸಿ ಮೊನ್ನೆ ಗೃಹಪ್ರವೇಶ ಮಾಡಿದ್ದ. ವೇಣುಗೋಪಾಲ ಹೋಗಿ ಹೋಳಿಗೆ ಊಟ ಮಾಡಿ ಬಂದಿದ್ದ. ಬ್ಯಾಟರಾಯಪ್ಪ ಯಾವಾಗಲೂ ನಗುವ ಮನುಷ್ಯ, ಇವತ್ತು ಹೆಲ್ಮೆಟ್ಟು ತೆಗೆಯದೆ ಮಾತಾಡಿದ.

'ನಮ್ಮನೆ ಒಕ್ಲಿಗೆ ಬಂದ್ರಿ. ಉಂಡ್ರಿ. ಸಂತೋಸ. ಒಂದ್ ಮಾತೂ ಏಳ್ದಲೆ ಎದ್ದೋದ್ರಲ್ಲ, ಅದೇನು ಇಂಗೆ?'

'ಅದು... ಸ್ವಲ್ಪ ಅರ್ಜೆಂಟಿತ್ತು.'

'ನಮ್ಮವ್ವ ಬಾಗ್ಲಲ್ಲೇ ಕುಂತಿದ್ಲು. ನೀವು ಮುಖ ಕೆಳಗ್ ಆಕ್ಕೊಂಡು, ತಿರುಗಿ ನೋಡ್ದಂಗೆ ಓದ್ರಂತೆ. ಸಾವಿನ್ ಮನೆಯಿಂದ ಓದಂಗೆ ಓದ್ರು ಕಣ್ಲಾ, ಅದೂ ಓದಿರೋ ಮನುಷ್ಯ, ಏನೋ ಕಂಡೈತೆ ಅವ್ರಿಗೆ ಅಂತ ಮೂರ್ ದಿನದಿಂದ ನಮ್ಮವ್ವ ಒಳಿಕ್ಕೇ ಓಗ್ತಿಲ್ಲ. ವರಾಂಡದಾಗೇ ಮಲಗ್ತವ್ಳೆ. ಇನ್ನೊಂದ್ ಸಲ ಹೋಮ ಮಾಡ್ಸು ಅಂತವ್ಳೆ.'

ವೇಣುಗೋಪಾಲನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಜೀವಮಾನವಿಡೀ ಹೋಮ ಬೇಡ ಎಂದು ಭಾಷಣ ಮಾಡಿದವನಿಂದ ಒಂದು ಮನೆಯಲ್ಲಿ ಎರಡೆರಡು ಹೋಮ. ಎಂಬತ್ತನಾಲ್ಕು ವರ್ಷದ ಮುದುಕಿ, ಗ್ರಾನೈಟು ಹಾಕಿಸಿದ ಮನೆಯ ಹೊರಗೆ, ತನ್ನ ದೆಸೆಯಿಂದ ಚಾಪೆಯ ಮೇಲೆ. 'ಛೆ, ಛೆ, ಏನೂ ಕಂಡಿಲ್ಲ ಅನ್ನಿ ಅವರಿಗೆ' ಅಂದ.

'ನಾನೇಳುದ್ರೆ ಕೇಳಲ್ಲ. ನೀವೇ ಬಂದು, ಒಂದ್ ಲೋಟ ಕಾಫಿ ಕುಡ್ದು, ಬಾಯ್ತುಂಬ ಬರ್ತೀನಮ್ಮ ಅಂತೇಳಿ ಓಗಿ. ನಾಳೆ ಬರ್ತೀರ?'

'ಹೂಂ, ಬರ್...' ಎಂದು ಶುರು ಮಾಡಿದ ವೇಣುಗೋಪಾಲ. ಅದು ಅಲ್ಲೇ ನಿಂತಿತು. ಎಡಪಕ್ಕೆ ಎಳೆಯಿತು. ಬ್ಯಾಟರಾಯಪ್ಪ ಕತ್ತು ಮುಂದೆ ಮಾಡಿ ಆ ಮಾತಿನ ಉಳಿದ ಅರ್ಧಕ್ಕೆ ಕಾದ. ಬೀದಿನಾಯಿಯೊಂದು ಇಬ್ಬರನ್ನೂ ನೋಡಿತು. 'ನಾಳೆ ಹತ್ತು ಗಂಟೆಗೆ ನಿಮ್ಮ ಮನೇಲಿ ಇರ್ತೀನಿ' ಎಂದು ಕೊನೆಗೆ ಸುತ್ತಿಬಳಸಿ ಹೇಳಿ ವೇಣುಗೋಪಾಲ ನಡೆದುಬಿಟ್ಟ, ಮತ್ತೆ ಏನೂ ಹೇಳದೆ, ಮತ್ತೆ ತಲೆ ತಗ್ಗಿಸಿ. ಹಿಂದೆ ಸ್ಕೂಟರು ತುಂಬ ಹೊತ್ತು ಸ್ಟಾರ್ಟಾಗಲಿಲ್ಲ.

ಇನ್ನು ತಡೆಯುವುದು ಸಾಧ್ಯವಿರಲಿಲ್ಲ. ಕಾಲು ಮನೆಯ ಕಡೆ ತಿರುಗುವ ಬದಲು ಹೆಬ್ಬಾಳದ ಕಡೆ ತಿರುಗಿತು. ಫ್ಲೈಓವರಿನ ನೆರಳಿನಲ್ಲಿ, ಪಂಕ್ಚರ್ ಅಂಗಡಿಗೂ ಎಳನೀರಿನ ಗಾಡಿಗೂ ನಡುವೆ, ಕದಿರಪ್ಪನ ಅಂಗಡಿ: ಮುಕ್ತಿವಾಹನ ಮತ್ತು ಫ್ರೀಜರ್ ಪೆಟ್ಟಿಗೆ, ಇಪ್ಪತ್ತನಾಲ್ಕು ಗಂಟೆ ಸೇವೆ. ಸಂಘದವರಿಗೆಲ್ಲ ಪೆಟ್ಟಿಗೆ ಬರುವುದು ಇಲ್ಲಿಂದಲೇ. ಕದಿರಪ್ಪ ಒಂದು ಖಾಲಿ ಪೆಟ್ಟಿಗೆಯ ಮೇಲೆ ಪೇಪರು ಹಾಸಿ ಚಿತ್ರಾನ್ನ ತಿನ್ನುತ್ತಿದ್ದ. ವೇಣುಗೋಪಾಲನನ್ನು ಕಂಡದ್ದೇ ಎಡಗೈಯಲ್ಲಿ ಫೋನೆತ್ತಿಕೊಂಡ.

'ಯಾರು ಸಾಮಿ? ಅಡ್ರೆಸ್ ಏಳಿ, ಗಾಡಿ ಕಳಿಸ್ತೀನಿ.'

'ಯಾರೂ ಇಲ್ಲ. ಸುಮ್ನೆ ಬಂದೆ.'

ಸುಮ್ಮನೆ ಯಾರೂ ಬರದ ಅಂಗಡಿ ಅದು. ಕದಿರಪ್ಪ ಅನುಮಾನದಿಂದ ನೋಡಿದ. ವೇಣುಗೋಪಾಲ ಸ್ಟೂಲಿನ ಮೇಲೆ ಕೂತು, ತನ್ನ ಸ್ನೇಹಿತರೊಬ್ಬರ ವಿಷಯ ಎಂದು ಶುರು ಮಾಡಿದ. ಅವರು ಒಂದು ಕಡೆ ಹೆಣ ನೋಡಲು ಹೋಗಿದ್ದರು, ಬಾಯ್ತಪ್ಪಿ ಬರ್ತೀನಿ ಅಂದುಬಿಟ್ಟರು, ಅವರಿಗೆ ಇದರಲ್ಲೆಲ್ಲ ನಂಬಿಕೆಯಿಲ್ಲ, ಆದರೂ ಸುಮ್ಮನೆ ಕೇಳುತ್ತಿದ್ದಾರೆ.

'ನೆಂಟ್ರ?'

'ಅಲ್ಲ. ದೂರದವರು. ದೊಡ್ಡ ಹುದ್ದೆಯಲ್ಲಿದ್ದವರು.'

'ಸುಟ್ರಾ, ಊಣಿದ್ರಾ?'

'ಹೂಣಿದ್ರು. ಆಮೇಲೆ ತೆಗೆದ್ರು.'

ಕದಿರಪ್ಪನ ಕೈತುತ್ತು ಅರ್ಧದಲ್ಲಿ ನಿಂತಿತು. 'ಪೊಲೀಸ್ ಕೇಸಾ?'

'ಅಲ್ಲಪ್ಪ. ಎಲ್ಲ ಕಾನೂನು ಪ್ರಕಾರವೇ. ಈಗ ಗಾಜಿನ ಪೆಟ್ಟಿಗೇಲಿ ಇಟ್ಟಿದ್ದಾರೆ.'

'ಇನ್ನೂ ಎತ್ತಿಲ್ವಾ?' ಕದಿರಪ್ಪನಿಗೆ ಈಗ ಕಸುಬಿನ ಆಸಕ್ತಿ ಬಂತು. 'ಎಷ್ಟ್ ದಿನ ಆಯ್ತು?'

'ತುಂಬ ದಿನ ಆಯ್ತು.'

'ತುಂಬ ಅಂದ್ರೆ? ನಾಲ್ಕ್ ದಿನದ್ ಮ್ಯಾಕೆ ನಮ್ ಪೆಟ್ಗೆ ತಡಿಯಕಿಲ್ಲ ಸಾಮಿ. ಯಾವ್ ಕಂಪ್ನೀದು ಅವ್ರುದು?'

ವೇಣುಗೋಪಾಲ ಗೊತ್ತಿಲ್ಲ ಅಂದ. ಆ ಪೆಟ್ಟಿಗೆಗೆ ಪ್ಲಗ್ಗೇ ಇರಲಿಲ್ಲ ಎಂದು ಹೇಳಿದರೆ ಮಾತು ಬೇರೆ ಕಡೆಗೆ ಹೋಗುತ್ತದೆ. ಕದಿರಪ್ಪ ಚಿತ್ರಾನ್ನದ ಕಡಲೆಕಾಯಿಬೀಜವನ್ನು ನಿಧಾನವಾಗಿ ಅಗಿದು, ಯೋಚಿಸಿ, ತೀರ್ಪು ಕೊಟ್ಟ. 'ಎತ್ತಿಲ್ಲ ಅಂದ್ಮ್ಯಾಕೆ ಸುಲಭ. ನಿಮ್ ಸ್ನೇಯಿತ್ರು ಇನ್ನೊಂದಪ ಓಗ್ಲಿ. ಮುಖ ನೋಡ್ಲಿ. ಈ ಸಲ ತುಟಿ ಬಿಚ್ದಲೆ ಎದ್ ಬರ್ಲಿ. ಮೊದ್ಲೇಳಿದ್ದು ಅಲ್ಲಿಗೆ ಅಳ್ಸೋಯ್ತದೆ. ಅಷ್ಟೇಯ.'

'ಇನ್ನೊಂದ್ ಸಲ ಹೋಗೋದು ಅಂದ್ರೆ...'

'ಯಾಕೆ? ಬಸ್ ಇಲ್ವಾ ಅಲ್ಲಿಗೆ?'

ವಾಪಸು ಬರುವಾಗ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ವೇಣುಗೋಪಾಲ ತನ್ನ ಕಷ್ಟವನ್ನು ಮೊದಲ ಸಲ ಪೂರ್ತಿಯಾಗಿ ನೋಡಿದ. ನಾಳೆ ಹತ್ತಕ್ಕೆ ತಣಿಸಂದ್ರಕ್ಕೆ ಹೋಗಿ ಹೇಳಿಬರಬೇಕು. ಅದಕ್ಕೆ ಬಾಯಿ ಬಿಡಬೇಕಾದರೆ ಮೊದಲು ಕೈರೋಗೆ ಹೋಗಿ ಹೇಳದೆ ಬರಬೇಕು. ವೀಸಾ ಒಂದೇ ಸಲದ್ದು, ಮುಗಿದಿದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಈ ನಾಚಿಕೆಯ ಅಡಿಯಲ್ಲಿ ಇನ್ನೊಂದಿತ್ತು, ಅದನ್ನು ಅವನು ಈವರೆಗೆ ಮುಟ್ಟಿರಲಿಲ್ಲ. ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗ ಮುಟ್ಟಿದ. ಅವನಿಗೆ ಸಾಯಲು ಇಷ್ಟವಿರಲಿಲ್ಲ. ಅರವತ್ತೆಂಟು ವರ್ಷಕ್ಕೆ, ಇಷ್ಟೆಲ್ಲ ಓದಿ, ಎಷ್ಟೋ ಜನರಿಗೆ ಪೆಟ್ಟಿಗೆ ತರಿಸಿಕೊಟ್ಟು, ಸಾಯಲು ಇಷ್ಟವಿಲ್ಲದಿರುವುದು ಅವನಿಗೆ ಹೊಸ ಸುದ್ದಿಯಾಗಿತ್ತು. ಪಕ್ಕದ ಸೀಟಿನ ಹೆಂಗಸು ಅವನ ಮುಖ ನೋಡಿ, ಎದ್ದು, ಕೂತ್ಕೊಳಿ ಅಂಕಲ್ ಅಂದಳು. ಕೂತ.

ಮನೆಯಲ್ಲಿ ಕೃಷ್ಣವೇಣಿ ಊಟದ ಮೇಜಿನ ಮೇಲೆ ಅವರೆಕಾಯಿ ಸುರಿದುಕೊಂಡು ಬಿಡಿಸುತ್ತಿದ್ದಳು. ಎಲ್ಲಿಗೆ ಹೋಗಿದ್ದಿರಿ ಅನ್ನಲಿಲ್ಲ. ಅವನು ಎದುರು ಕೂತು, ತಾನೂ ಒಂದು ಕಾಯಿ ತೆಗೆದುಕೊಂಡು, ಬಿಡಿಸದೆ ಕೈಯಲ್ಲಿ ಹಿಡಿದುಕೊಂಡ.

'ಈಜಿಪ್ಟ್‌ಗೆ ಇನ್ನೊಂದ್ಸಲ ಹೋದ್ರೆ ಹೇಗೆ?' ಅಂದ, ಬಹಳ ಸಹಜವಾಗಿ.

'ಯಾಕೆ? ಬರ್ತೀನಿ ಸಾರ್ ಅಂತ ಹೇಳಿ ಬಂದಿದ್ದೀರಿ ಅಂತಲಾ?'

ಅವರೆಕಾಯಿ ಕೈಯಿಂದ ಜಾರಿತು. ಅವಳು ತಲೆ ಎತ್ತಲಿಲ್ಲ. ಕಾಳು ಬಟ್ಟಲಿಗೆ, ಸಿಪ್ಪೆ ಮೊರಕ್ಕೆ ಬೀಳುತ್ತಲೇ ಇದ್ದವು. 'ನಿಮ್ಮ ಹಿಂದೇನೇ ನಿಂತಿದ್ನಲ್ರೀ. ನಿಮ್ಮನ್ನ ತಳ್ಳಿದ್ದು ನಾನೇ.'

'ಹನ್ನೊಂದು ದಿನ... ಗೊತ್ತಿದ್ದೂ ಸುಮ್ನಿದ್ಯಾ?'

'ಹೂಂ. ನೀವು ದಿನಕ್ಕೆ ಎರಡೆರಡು ಸಲ ತಲೆಗೆ ನೀರು ಹಾಕ್ಕೊಳ್ತಿದ್ರಿ. ಗೋಡೆ ಕಡೆ ತಿರುಗಿ ಎದೆ ಒತ್ಕೋತಿದ್ರಿ. ಎಲ್ಲಾ ನೋಡ್ತಿದ್ದೆ.' ಈಗ ಅವಳ ಕೈ ನಿಂತಿತು. 'ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ. ನಮ್ಮಪ್ಪ ಹೋದಾಗ ನಾನು ಹೆದರಿ ನಡುಗ್ತಿದ್ದೆ, ನೀವು ನಗಾಡಿದ್ರಿ. ನಿಮಗೂ ಒಂದು ಹೆದರಿಕೆ ಅಂತ ಬಂದಾಗ ನನ್ನ ಹತ್ರ ಬರ್ತೀರೋ ಇಲ್ವೋ ನೋಡೋಣ ಅಂತ. ಬರ್ಲಿಲ್ಲ. ಹೆಣದ ಪೆಟ್ಟಿಗೆ ಬಾಡಿಗೆ ಕೊಡೋನ ಹತ್ರ ಬೇಕಾದ್ರೆ ಹೋಗಿರ್ತೀರಿ.'

ಅದು ಅವಳಿಗೆ ಹೇಗೆ ಗೊತ್ತಾಯಿತೆಂದು ಕೇಳುವ ತ್ರಾಣ ಅವನಲ್ಲಿರಲಿಲ್ಲ. ಸಮರ್ಥಿಸಿಕೊಳ್ಳಲು ಎರಡು ಮೂರು ವಾಕ್ಯಗಳು ಸಿದ್ಧವಾದವು, ವೇದಿಕೆಯಲ್ಲಿ ಬಳಸಿ ಬಳಸಿ ನಯವಾದ ವಾಕ್ಯಗಳು. ಒಂದೂ ಹೊರಡಲಿಲ್ಲ. ಅವಳ ಬೆರಳುಗಳು ಅವರೆಯ ಸೊಗಡು ಹತ್ತಿ ಕಪ್ಪಾಗಿದ್ದವು. ಅದನ್ನೇ ನೋಡುತ್ತ, ತುಂಬ ಸಣ್ಣ ದನಿಯಲ್ಲಿ, 'ಹೆದರಿಕೆ ಆಗಿದೆ ಕಣೇ' ಅಂದ. ಅಂದ ಮೇಲೆ ಕಣ್ಣಲ್ಲಿ ನೀರು ಬಂತು. ಅವನು ಒರೆಸಿಕೊಳ್ಳಲಿಲ್ಲ.

ಕೃಷ್ಣವೇಣಿ ಬಟ್ಟಲನ್ನು ಅವನ ಕಡೆ ಸರಿಸಿ, 'ಬಿಡಿಸಿ, ಸುಮ್ನೆ ಕೂರಬೇಡಿ' ಅಂದಳು. 'ಅದನ್ನ ನಾನು ಅವತ್ತೇ ಸರಿಮಾಡಿ ಬಂದಿದ್ದೀನಿ.'

'ಏನು ಸರಿಮಾಡಿದೆ?'

'ನೀವು ಮೆಟ್ಟಿಲಿಳಿದು ಓಡಿದ್ರಲ್ಲ, ನಾನು ಅಲ್ಲೇ ಇದ್ದೆ. ಮೆತ್ತಗೆ ಹೇಳ್ದೆ, ನಮ್ಮನೆಯೋರ ಮಾತು ಮನಸ್ಸಿಗೆ ಹಚ್ಕೋಬೇಡಿ, ಅದು ಆಫೀಸಿನ ಅಭ್ಯಾಸ. ಕೊತ್ತಂಬರಿ ತರ್ತೀನಿ ಅಂತ ಹೋದೋರು ಬರಿಗೈಲಿ ಬರ್ತಾರೆ, ಇನ್ನು ಇಷ್ಟು ದೂರ ಎಲ್ಲಿ ಬಂದಾರು, ನೀವು ಕಾಯಬೇಡಿ ಅಂತ.'

ವಿಚಾರ ವೇದಿಕೆಯ ಅಧ್ಯಕ್ಷ ಬಾಗಿಲ ಕಡೆ ಒಮ್ಮೆ ನೋಡಿದ. ಯಾರೂ ಇರಲಿಲ್ಲ. ಮೇಜಿನ ಮೇಲೆ ಬಾಗಿ, ದನಿ ತಗ್ಗಿಸಿ ಕೇಳಿದ, 'ಅವರು ಒಪ್ಪಿದ್ರಾ?'

'ಅವರನ್ನ್ಯಾಕೆ ಕೇಳ್ಲಿ? ಗಂಡಸರ ಹತ್ರ ಹೇಳಿ ಏನು ಪ್ರಯೋಜನ,' ಅಂದಳು ಕೃಷ್ಣವೇಣಿ. 'ಪಕ್ಕದ ಪೆಟ್ಟಿಗೇಲಿ ಅವರ ಹೆಂಡ್ತಿ ಇದ್ರಲ್ಲ, ಅವರಿಗೆ ಹೇಳಿದ್ದು. ಗಂಡಂಗೆ ಅವರು ಹೇಳ್ಕೋತಾರೆ.'

ವೇಣುಗೋಪಾಲ ಒಂದು ಅವರೆಕಾಯಿ ಬಿಡಿಸಿದ, ಯೋಚಿಸಿದ, ಇನ್ನೊಂದು ಬಿಡಿಸಿದ. ಎಲ್ಲ ಕಡೆಯಿಂದ ನೋಡಿದರೂ ಅದು ಸರಿಯಾದ ಏರ್ಪಾಡು ಅನ್ನಿಸಿತು.